ಮೊದಲು ನಿಮ್ಮ ತಾಟಿಗೆ ಪಲ್ಯ ಬಡಿಸಿಕೊಳ್ಳಿ

ಗುಳೇದಗುಡ್ಡದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಮುಖ್ಯ ಭಾಗವನ್ನು ಅವರ ಮಾತಿನಲ್ಲೇ ಕೊಡುತ್ತಿದ್ದೇವೆ:

"ಅಕ್ಕಾರ, ನನಗ 36 ವರ್ಷ. ಮನ್ಯಾಗ ಅತ್ತಿ, ಮಾವ, ನಮ್ಮವರು, ಎರಡು ಮಕ್ಕಳು. ಐದಕ್ಕ ಏಳತೀನಿ. ರೊಟ್ಟಿ ಬಡದು, ಮಕ್ಕಳನ್ನ ಸಾಲಿಗೆ ಕಳಿಸಿ, ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಾಕ ಕುಂದ್ರತೀನಿ. ಮಲಗೂದು ಹನ್ನೊಂದಕ್ಕ. ಮೆಟ್ಟಲ ಹತ್ತಿದರ ಏದುಸಿರು, ಎದ್ದು ನಿಂತರ ಕಣ್ಣಿಗೆ ಕತ್ತಲಿ. ರಕ್ತ ತೋರಿಸಿದರ 8.6 ಅಂದ್ರು. ಗುಳಿಗಿ ಕೊಟ್ಟರು. ತಗೊಂಡ್ರ ಹೊಟ್ಟಿ ತೊಳಸತೈತಿ, ಸಂಡಾಸ ಕರ್ರಗ ಆಗತೈತಿ. ಹೆದರಿ ಬಿಟ್ಟುಬಿಟ್ಟೆ. ಮೊಬೈಲ್‌ನ್ಯಾಗ ನೋಡಿದರ ಬಾದಾಮಿ ತಿನ್ನು, ಓಟ್ಸ್ ತಿನ್ನು, ದಿನಾ ಒಂದು ತಾಸು ವಾಕಿಂಗ್ ಹೋಗು ಅಂತಾರ. ನಮ್ಮಂಥಾ ಮನಿಯಾಕಿ ಏನು ಮಾಡಬೇಕ್ರಿ? ಈಗೀಗ ಯಾರ ಜೋಡಿನೂ ಮಾತಾಡಬೇಕು ಅನ್ನಸೂದಿಲ್ಲ."

ಪ್ರೀತಿಯ ತಂಗಿ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಓದಿದ ಹೆಣ್ಣುಮಕ್ಕಳೆಲ್ಲ ಇದು ನಮ್ಮ ಮನೆಯ ಮಾತೇ ಅಂದರು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕಬ್ಬಿಣಾಂಶದ ಗುಳಿಗೆಯ ವಿಷಯ. ನಿಮ್ಮ ವಯಸ್ಸಿನ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. 8.6 ಅಂದರೆ ಸಣ್ಣ ಕೊರತೆ ಅಲ್ಲ. 8ಕ್ಕಿಂತ ಕೆಳಗಿಳಿದರೆ ಡಾಕ್ಟರು ಅದನ್ನು ತೀವ್ರ ರಕ್ತಹೀನತೆ ಅನ್ನುತ್ತಾರೆ, ನೀವು ಅದರ ಅಂಚಿನಲ್ಲಿದ್ದೀರಿ. ಏದುಸಿರು, ಕಣ್ಣಿಗೆ ಕತ್ತಲೆ, ಸುಸ್ತು, ಎಲ್ಲದಕ್ಕೂ ಇದು ಕಾರಣ ಆಗಿರಬಹುದು. ಇಷ್ಟು ಇಳಿದ ರಕ್ತವನ್ನು ಬರೀ ಊಟದಿಂದ ಏರಿಸಲು ಆಗುವುದಿಲ್ಲ. ಬೀಟ್‌ರೂಟ್ ರಸ ಕುಡಿಯಿರಿ, ಖರ್ಜೂರ ತಿನ್ನಿ, ಬೆಲ್ಲ ತಿನ್ನಿ ಎಂದು ಹತ್ತು ಜನ ಹೇಳುತ್ತಾರೆ. ನಮ್ಮ ಮಹಾಲಿಂಗಪುರದ ಬೆಲ್ಲ ಎಷ್ಟೇ ಚೆನ್ನಾಗಿರಲಿ, ಅದರಲ್ಲಿ ಜಾಸ್ತಿ ಇರುವುದು ಸಕ್ಕರೆ. ನಿಮಗೆ ಈಗ ಬೇಕಿರುವುದು ಗುಳಿಗೆ.

ಸಂಡಾಸ ಕಪ್ಪಾದರೆ ಹೆದರಬೇಡಿ. ಮೈಗೆ ಹತ್ತದೆ ಉಳಿದ ಕಬ್ಬಿಣಾಂಶ ಹಾಗೆ ಹೊರಗೆ ಹೋಗುತ್ತದೆ, ಅಷ್ಟೇ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಗುಳಿಗೆ ಚೆನ್ನಾಗಿ ಹತ್ತುತ್ತದೆ, ನಿಜ. ಆದರೆ ಹೊಟ್ಟೆ ತೊಳಸಿ ಬಿಟ್ಟುಬಿಡುವುದಕ್ಕಿಂತ ಊಟ ಆದ ಮೇಲೆ ತೆಗೆದುಕೊಳ್ಳುವುದು ಎಷ್ಟೋ ಮೇಲು. ರಾತ್ರಿ ಊಟ ಮಾಡಿ, ಗುಳಿಗೆ ನುಂಗಿ ಮಲಗಿದರೆ ತೊಳಸುವುದು ಗೊತ್ತಾಗುವುದೂ ಕಡಿಮೆ. ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಚಹಾ, ಹಾಲು, ಕ್ಯಾಲ್ಸಿಯಂ ಗುಳಿಗೆ ಇವು ಯಾವುವೂ ಅದರ ಜೊತೆಗೆ ಬೇಡ. ದಿನಕ್ಕೆ ಎಷ್ಟು ಎಂಬುದನ್ನು ಆಸ್ಪತ್ರೆಯಲ್ಲಿ ಇನ್ನೊಮ್ಮೆ ಕೇಳಿಕೊಳ್ಳಿ. ತಗೊಂಡ್ರೂ ಆಗದೇ ಇದ್ದರೆ ಡಾಕ್ಟರಿಗೆ ಹೇಳಿ, ಬೇರೆ ಗುಳಿಗೆ ಇವೆ, ಇಂಜೆಕ್ಷನ್ ಕೂಡ ಇದೆ. ಸುಮ್ನೆ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ. ಸರಿಯಾಗಿ ತೆಗೆದುಕೊಂಡರೆ ತಿಂಗಳಲ್ಲಿ ಒಂದು ಅಂಕಿಯಷ್ಟಾದರೂ ಏರಬೇಕು. 12 ಮುಟ್ಟಿದ ಮೇಲೂ ಎರಡು-ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ, ಮೈಯೊಳಗಿನ ದಾಸ್ತಾನು ತುಂಬಬೇಕಲ್ಲ.

ರಕ್ತ ಯಾಕೆ ಇಳಿಯಿತು ಎಂದೂ ನೋಡಬೇಕು. ಮುಟ್ಟಿನ ಬಗ್ಗೆ ನೀವು ಏನೂ ಬರೆದಿಲ್ಲ. ಏಳು ದಿನಕ್ಕಿಂತ ಜಾಸ್ತಿ ಹೋಗುತ್ತದೆಯೇ? ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆ ಬೀಳುತ್ತವೆಯೇ? ತಾಸು, ಎರಡು ತಾಸಿಗೆ ಬಟ್ಟೆ ಬದಲಿಸಬೇಕಾಗುತ್ತದೆಯೇ? ಹೌದಾದರೆ ಅದನ್ನು ಬಾಯಿಬಿಟ್ಟು ಹೇಳಿ. ನಮ್ಮ ಕಡೆ ಹೆಣ್ಣುಮಕ್ಕಳು ಅದು ಇರೋದೇ ಹಂಗ ಅಂತ ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ. ಅದಕ್ಕೆ ಔಷಧ ಇದೆ. ಹೊಟ್ಟೆಯಲ್ಲಿ ಜಂತುಹುಳ ಇರಬಹುದು, ವಿಟಮಿನ್ ಬಿ12 ಕಡಿಮೆ ಇರಬಹುದು. ಸಸ್ಯಾಹಾರಿ ಮನೆಗಳಲ್ಲಿ ಹಾಲು, ಮೊಸರು, ಮಜ್ಜಿಗೆ ಸರಿಯಾಗಿ ಹೋಗದಿದ್ದರೆ ಬಿ12 ಕೊರತೆ ಬರುವುದು ತೀರಾ ಸಾಮಾನ್ಯ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ನಮ್ಮಂಥ ಮನೆಯಾಕೆ ಏನು ಮಾಡಬೇಕು ಅಂತ.

ಬಾದಾಮಿ, ಓಟ್ಸ್ ಎರಡನ್ನೂ ಮರೆತುಬಿಡಿ. ಬನಶಂಕರಿ ಗುಡಿಯ ಹತ್ತಿರ ಸುತ್ತಲಿನ ಹಳ್ಳಿಯ ತಾಯಂದಿರು ಬುಟ್ಟಿ ಹೊತ್ತುಕೊಂಡು ಬಂದು ಊಟ ಮಾರುವುದನ್ನು ನೀವು ನೂರು ಸಲ ನೋಡಿರುತ್ತೀರಿ. ಎರಡು ಖಡಕ್ ರೊಟ್ಟಿ, ಕಾಳುಪಲ್ಯ, ಝುಣಕ, ಬದನೆಕಾಯಿ, ಶೇಂಗಾ ಹಿಂಡಿ, ಕೆನೆ ಕಟ್ಟಿದ ಮೊಸರು, ಪಕ್ಕದಲ್ಲಿ ಉಳ್ಳಾಗಡ್ಡಿ, ಹಸಿ ಸೊಪ್ಪು. ಯಾವ ಆಹಾರ ತಜ್ಞರಿಗೆ ತೋರಿಸಿದರೂ ಇದು ಪೂರ್ಣ ಊಟ ಅನ್ನುತ್ತಾರೆ. ನಮ್ಮ ಸೀಮೆಯ ಅಡುಗೆಯಲ್ಲಿ ಕೊರತೆ ಇಲ್ಲ. ಅದು ಯಾರ ತಾಟಿಗೆ ಎಷ್ಟು ಬೀಳುತ್ತದೆ ಎಂಬುದರಲ್ಲಿ ಕೊರತೆ ಇದೆ.

ನಿಮ್ಮ ಮಧ್ಯಾಹ್ನವನ್ನೇ ನೋಡಿ. ಮಾವನವರದು, ಯಜಮಾನರದು, ಮಕ್ಕಳದು, ಅತ್ತೆಯವರದು ಆದ ಮೇಲೆ ನೀವು ಕೂರುವಾಗ ಬೋಗುಣಿಯಲ್ಲಿ ಏನು ಉಳಿದಿರುತ್ತದೆ? ರೊಟ್ಟಿ ಇರುತ್ತದೆ. ಪಲ್ಯದ ಕಾಳು ಹೋಗಿ ತಳದಲ್ಲಿ ಎರಡು ಚಮಚ ರಸ. ಅದಕ್ಕೆ ರೊಟ್ಟಿ ಒರೆಸಿಕೊಂಡು, ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು, ಮೇಲೊಂದು ಕಪ್ ಚಹಾ ಕುಡಿದು ಎದ್ದುಬಿಡುತ್ತೀರಿ. ಹೊಟ್ಟೆ ತುಂಬಿತು, ಹೌದು. ಆದರೆ ಕಾಳು, ಸೊಪ್ಪು, ಮೊಸರು ಮೂರೂ ನಿಮಗೆ ಸಿಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29. ಯಾರಿಗೆ ಜಾಸ್ತಿ ಬೇಕೋ ಅವರೇ ಕೊನೆಗೆ ಉಣ್ಣುತ್ತಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತ ಕಡಿಮೆ ಎಂದು ಬಂತು. ನಮ್ಮ ರಾಜ್ಯದಲ್ಲಿ ಸುಮಾರು 48. ಇದಕ್ಕೆ ಕಾರಣ ಹಲವು ಇರಬಹುದು, ಆದರೆ ಕೊನೆಗೆ ಉಣ್ಣುವ ಈ ಪದ್ಧತಿಯನ್ನು ನಾನು ಮೊದಲು ಹಿಡಿಯುತ್ತೇನೆ.

ಹಾಗಾಗಿ ನಿಮಗೆ ಒಂದೇ ಒಂದು ರೂಢಿ ಹೇಳು ಅಂದರೆ ನಾನು ಇದನ್ನೇ ಹೇಳುವುದು. ಪಲ್ಯ ಇಳಿಸಿ, ದೇವರಿಗೆ ಎಡೆ ತೋರಿಸಿದ ಕೂಡಲೇ ನಿಮ್ಮ ಪಾಲನ್ನು ಒಂದು ಬಟ್ಟಲಲ್ಲಿ ತೆಗೆದಿಟ್ಟು ಮುಚ್ಚಿಬಿಡಿ. ಕಾಳು ತುಂಬಿದ ಬಟ್ಟಲು, ರಸದ ಬಟ್ಟಲಲ್ಲ. ಅತ್ತೆಯವರಿಗೂ ಒಂದು ಬಟ್ಟಲು ತೆಗೆದಿಡಿ. ಅವರೂ ಸೊಸೆಯಾಗಿ ಬಂದಾಗಿನಿಂದ ತಳ ಒರೆಸಿಕೊಂಡೇ ಉಂಡವರು, ಅವರಿಗೆ ಇದು ಬೇಗ ಅರ್ಥ ಆಗುತ್ತದೆ. ಆಮೇಲೆ ನಿಧಾನಕ್ಕೆ, ರಾತ್ರಿ ಊಟವನ್ನಾದರೂ ಎಲ್ಲರೂ ಕೂಡಿ ಉಣ್ಣುವ ರೂಢಿ ಮಾಡಿ. ರೊಟ್ಟಿ ಡಬ್ಬಿ, ಪಲ್ಯ, ನೀರು ನಡುವೆ ಇಟ್ಟರೆ ಬೇಕಾದವರು ಬಡಿಸಿಕೊಳ್ಳುತ್ತಾರೆ. ಬಿಸಿ ರೊಟ್ಟಿಯೇ ಬೇಕು ಎಂದು ಯಾರಾದರೂ ಹಠ ಹಿಡಿದರೆ, ಖಡಕ್ ರೊಟ್ಟಿಯ ಸೀಮೆಯಲ್ಲಿ ಹುಟ್ಟಿದವರು ನಾವು ಎಂದು ನೆನಪು ಮಾಡಿಕೊಡಿ.

ಚಹಾ ಬಿಡಿ ಅನ್ನುವುದಿಲ್ಲ, ಬಿಡುವುದೂ ಇಲ್ಲ ನೀವು. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಡಿ, ಅಷ್ಟು ಸಾಕು. ಊಟದ ಜೊತೆಗೇ ಚಹಾ ಕುಡಿದರೆ ಕಾಳು, ರೊಟ್ಟಿ, ಸೊಪ್ಪಿನ ಕಬ್ಬಿಣಾಂಶದಲ್ಲಿ ಮೈಗೆ ಹತ್ತುವುದು ಅರ್ಧಕ್ಕಿಂತಲೂ ಕಡಿಮೆ ಆಗಬಹುದು. ನಿಂಬೆಹುಳಿ ಮಾಡುವುದು ಇದರ ಉಲ್ಟಾ. ಇಂಡಿ ಸೀಮೆಯ ನಿಂಬೆ ನಮ್ಮ ಸಂತೆಗೂ ಬರುತ್ತದೆ, ಊಟಕ್ಕೆ ಕೂತಾಗ ಪಲ್ಯದ ಮೇಲೆ ಹಿಂಡಿಕೊಳ್ಳಿ. ಕುದಿಯುವಾಗ ಹಾಕಿದರೆ ಅದರ ಸತ್ವ ಹೋಗುತ್ತದೆ. ಹೆಸರು, ಮಡಿಕಿ ಕಾಳನ್ನು ನೆನೆಸಿ ಮೊಳಕೆ ಬರಿಸುವುದೂ ಒಳ್ಳೆಯದು, ನಮ್ಮ ಅವ್ವಂದಿರು ಮಾಡುತ್ತಿದ್ದದ್ದೇ. ಹಕ್ಕರಕಿ, ಮೆಂತ್ಯದ ಎಲೆ ಹಸಿಯಾಗಿ ಊಟಕ್ಕೆ ಇಟ್ಟುಕೊಳ್ಳಿ, ಚೆನ್ನಾಗಿ ತೊಳೆದು. ಎಳ್ಳಿನಲ್ಲಿ ಕ್ಯಾಲ್ಸಿಯಂ ತುಂಬಾ ಇದೆ. ಸಂಕ್ರಾಂತಿಗೆ ಮಾತ್ರ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಸುಮ್ಮನಾಗಬೇಡಿ, ಹಿಂಡಿಗೂ ಹಾಕಿ. ಉಪವಾಸದ ದಿನ ಬರೀ ಚಹಾ, ಸಾಬೂದಾಣಿ ಮೇಲೆ ಇರಬೇಡಿ. ಹಾಲು, ಶೇಂಗಾ, ಹಣ್ಣು ತಿನ್ನಿ. ಗುಳಿಗೆ ತಪ್ಪಿಸಬೇಡಿ. ರಕ್ತ ಇಷ್ಟು ಇಳಿದಿರುವಾಗ ಶ್ರಾವಣ ತಿಂಗಳಿಡೀ ಒಪ್ಪತ್ತು ಬೇಡವೇ ಬೇಡ, ದೇವರು ಖಂಡಿತ ಸಿಟ್ಟಾಗುವುದಿಲ್ಲ.

ಒಂದು ತಾಸು ವಾಕಿಂಗ್ ಬಗ್ಗೆ. ರಕ್ತ ಸ್ವಲ್ಪ ಏರುವ ತನಕ ಜೋರು ನಡಿಗೆ, ಹೊಸ ವ್ಯಾಯಾಮ ಯಾವುದೂ ಬೇಡ. ನಿಮ್ಮ ಮೈಗೆ ಈಗ ತೊಂದರೆ ಕೊಡುತ್ತಿರುವುದು ಕಂಡಿಕಿ ಸುತ್ತುತ್ತ ತಾಸುಗಟ್ಟಲೆ ಒಂದೇ ಮಗ್ಗುಲಿಗೆ ಕೂರುವುದು. ಒಂದು ಕೈ ರಾಟಿ ತಿರುಗಿಸುತ್ತದೆ, ಇನ್ನೊಂದು ನೂಲು ಹಿಡಿಯುತ್ತದೆ, ಕುತ್ತಿಗೆ ಬಗ್ಗಿಯೇ ಇರುತ್ತದೆ. ಕುಪ್ಪಸದ ಖಣ ನೇಯುವ ಮನೆಗಳಲ್ಲಿ ಸೊಂಟ, ಮೊಣಕಾಲು ನೋವು ಎನ್ನದ ಹೆಂಗಸರು ನನಗೆ ಸಿಕ್ಕಿದ್ದು ಕಡಿಮೆ. ನಾಲ್ಕಾರು ಕಂಡಿಕಿ ಆದ ಮೇಲೆ ಒಮ್ಮೆ ಎದ್ದು ಅಂಗಳದ ತನಕ ಹೋಗಿ ಬನ್ನಿ. ಸೊಂಟದ ಕೆಳಗೆ ಮಡಚಿದ ಕೌದಿ ಹಾಕಿಕೊಂಡು ಸ್ವಲ್ಪ ಎತ್ತರಕ್ಕೆ ಕೂತರೆ ಮೊಣಕಾಲಿಗೆ ಆರಾಮ. ಶಕ್ತಿ ಬಂದ ಮೇಲೆ ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು, ಅದನ್ನೂ ಹತ್ತು-ಹತ್ತು ನಿಮಿಷ ಒಡೆದು ಮಾಡಬಹುದು.

ಇನ್ನೊಂದು ಮಾತು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಸಂತೆ, ಮದುವೆ, ಬಸ್ ಪ್ರಯಾಣ ಅಂದರೆ ನಮ್ಮ ಹೆಂಗಸರು ಬೆಳಗಿನಿಂದಲೇ ನೀರು ಕುಡಿಯುವುದು ನಿಲ್ಲಿಸುತ್ತಾರೆ. ಹೋಗಲು ಜಾಗ ಇರುವುದಿಲ್ಲ, ಇದ್ದರೂ ಒಳಗೆ ಕಾಲಿಡಲು ಆಗುವುದಿಲ್ಲ. ಹೀಗೆ ನೀರು ಬಿಟ್ಟು, ಮೂತ್ರ ತಡೆದುಕೊಂಡು ಉರಿ, ಸೋಂಕು ಮಾಡಿಕೊಂಡವರು ಎಷ್ಟೋ ಮಂದಿ. ಬಿಸಿಲುಗಾಲದಲ್ಲಿ ಕಲ್ಲೂ ಆಗುತ್ತದೆ. ಮೂತ್ರ ತಿಳಿ ಹಳದಿ ಇರುವಷ್ಟು ನೀರು ಕುಡಿಯಿರಿ. ಉರಿಯ ಜೊತೆ ಚಳಿಜ್ವರ ಬಂದರೆ ಬಾರ್ಲಿ ನೀರು ಕುಡಿದು ಕಾಯಬೇಡಿ, ಅವತ್ತೇ ತೋರಿಸಿ. ಮುಟ್ಟಿನ ಬಟ್ಟೆ ಬಳಸುವುದು ತಪ್ಪಲ್ಲ. ಅದನ್ನು ಸೀರೆಯ ಅಡಿಯಲ್ಲಿ, ಬಚ್ಚಲ ಮೂಲೆಯಲ್ಲಿ ಒಣಗಿಸುವುದು ತಪ್ಪು. ಮಾಳಿಗೆಯ ಮೇಲೆ ಹಪ್ಪಳಕ್ಕೆ ಸಿಗುವ ಬಿಸಿಲು ಅದಕ್ಕೂ ಸಿಗಲಿ.

ಕೊನೆಯ ಸಾಲಿಗೆ ಬರುತ್ತೇನೆ. ಯಾರ ಜೊತೆಗೂ ಮಾತಾಡಬೇಕು ಅನಿಸುವುದಿಲ್ಲ ಎಂದು ಬರೆದಿದ್ದೀರಿ. ರಕ್ತ ಕಡಿಮೆ ಆದಾಗ, ನಿದ್ದೆ ಸಾಲದಾದಾಗ ಮನಸ್ಸೂ ಕುಗ್ಗುತ್ತದೆ. ಥೈರಾಯಿಡ್ ತೊಂದರೆಯಲ್ಲೂ ಹೀಗಾಗುತ್ತದೆ, ಅದನ್ನೂ ಪರೀಕ್ಷೆ ಮಾಡಿಸಿ. ಆದರೆ ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ, ಅಳು ಬರುತ್ತಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಓಣಿಯ ಗೆಳತಿಯ ಮನೆಗೂ ಕಂಡಿಕಿ ಬುಟ್ಟಿ ತಗೊಂಡು ಹೋಗಿ ಕೂಡಿ, ಒಬ್ಬರೇ ಕೂರಬೇಡಿ.

ಇನ್ನು ಈ ಪುಟವನ್ನು ನಿಮ್ಮ ಯಜಮಾನರ ಕೈಗೆ ಕೊಡಿ. ಮುಂದಿನ ಮಾತು ಅವರಿಗೆ.

ಅಣ್ಣಾರೇ, ನಿಮ್ಮ ಮನೆಯಾಕೆ ಐದಕ್ಕೆ ಎದ್ದು ಹನ್ನೊಂದಕ್ಕೆ ಮಲಗುತ್ತಾರೆ. ಆರು ತಾಸಿನ ನಿದ್ದೆಯಲ್ಲಿ ಈ ಮೈ ಸುಧಾರಿಸುವುದಿಲ್ಲ, ಏಳು ತಾಸಾದರೂ ಬೇಕು. ಆ ಒಂದು ತಾಸನ್ನು ನೀವು ಮತ್ತು ಮಕ್ಕಳು ಕೊಡಬೇಕು. ರಾತ್ರಿ ಪಾತ್ರೆ ಒಬ್ಬರು ತೊಳೆಯಿರಿ, ಹಾಸಿಗೆ ಒಬ್ಬರು ಹಾಸಿರಿ, ನಲ್ಲಿ ನೀರು ಬಂದ ದಿನ ನೀವು ಕೊಡ ತುಂಬಿರಿ. ಮಗನಿಗೂ ಮಗಳಿಗೂ ಸಮನಾಗಿ ಕೆಲಸ ಹಂಚಿ.

ಈ ವಾರ ಒಂದು ದಿನ ಮಗ್ಗ ನಿಲ್ಲಿಸಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಗಲಕೋಟೆಗೆ ಹೋಗುವುದಾದರೂ ಸಾರಿಗೆ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಹಳೆಯ ರಕ್ತದ ಚೀಟಿ ಮತ್ತು ಉಳಿದ ಗುಳಿಗೆ ಒಯ್ಯಿರಿ. ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್, ಎದೆ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇರುತ್ತದೆ, ಹೋದಾಗ ಅದನ್ನೂ ಕೇಳಿ. ಒಂದು ತಿಂಗಳು ಗುಳಿಗೆ ತೆಗೆದುಕೊಂಡ ಮೇಲೆ ಮತ್ತೆ ರಕ್ತ ತೋರಿಸಿ, ಅಂಕಿ ಎಷ್ಟು ಬಂತು ಎಂದು ನಮಗೂ ಒಂದು ಕಾರ್ಡ್ ಬರೆಯಿರಿ. ಈ ಸಲ ನೀವೇ ಬರೆದರೆ ನನಗೆ ಇನ್ನೂ ಸಂತೋಷ.

— ಸಂಪಾದಕಿ