‘ಲ ಪ್ಲಕಾರ್’ ಸಲಿಂಗಿಗಳನ್ನು ಗೇಲಿ ಮಾಡುವ ಸಿನಿಮಾನಾ? ನೋಡಬಹುದಾ?

ಧಾರಾಳವಾಗಿ ನೋಡಿ. ಕೆಲಸ ಉಳಿಸಿಕೊಳ್ಳೋಕೆ ಒಬ್ಬ ತಾನು ಸಲಿಂಗಿ ಅಂತ ಸುದ್ದಿ ಹಬ್ಬಿಸಿಕೊಳ್ಳುವ ಫ್ರೆಂಚ್ ಕಾಮಿಡಿ ಎಂದು ಯಾರೋ ಹೇಳಿದ್ದಕ್ಕೆ, ಸಲಿಂಗಿಗಳನ್ನೇ ಆಡಿಕೊಂಡು ನಗುವ ಇನ್ನೊಂದು ಸಿನಿಮಾ ಇರಬೇಕು ಎಂದು ನಿಮಗೆ ಅನುಮಾನ ಬಂದಿದೆ. ಬರಬೇಕಾದ್ದೇ. ಸೊಂಟ ಬಳುಕಿಸುವ, ಕೈ ತಿರುಗಿಸಿ ಮಾತಾಡುವ ಒಂದು ಪಾತ್ರವನ್ನು ತಂದು ನಿಲ್ಲಿಸಿ ನಗಿಸೋದನ್ನು ನಮ್ಮ ಸಿನಿಮಾಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಇದರಲ್ಲಿ ನಾಯಕ ಅಂಥದ್ದೇನನ್ನೂ ಮಾಡುವುದಿಲ್ಲ, ಮಾಡಬಾರದು ಎಂದು ಅವನಿಗೆ ಕಟ್ಟಪ್ಪಣೆಯೇ ಇದೆ. ಸಿನಿಮಾದ ಜೀವ ಇರೋದೇ ಅಲ್ಲಿ.

ಕಥೆ ಇಷ್ಟು. ಫ್ರಾಂಸ್ವಾ ಪಿನ್ಯೋನ್ ಒಂದು ಕಾಂಡೋಮ್ ಕಾರ್ಖಾನೆಯ ಅಕೌಂಟ್ಸ್ ಸೆಕ್ಷನ್‌ನಲ್ಲಿ ವರ್ಷಗಟ್ಟಲೆ ತಲೆ ಬಗ್ಗಿಸಿ ದುಡಿದವನು. ದನಿಯೆಲ್ ಒತೊಯ್ ಈ ಪಾತ್ರ ಮಾಡಿದ್ದಾರೆ. ಹೆಂಡತಿ ಬಿಟ್ಟುಹೋಗಿದ್ದಾಳೆ, ಮಗ ಫೋನ್ ಎತ್ತುವುದಿಲ್ಲ. ಸಿನಿಮಾ ಶುರುವಾಗೋದು ಕಾರ್ಖಾನೆಯ ಗ್ರೂಪ್ ಫೋಟೋದಿಂದ. ಎಲ್ಲರೂ ಸಾಲಾಗಿ ನಿಂತಿದ್ದಾರೆ, ಫೋಟೋಗ್ರಾಫರ್ ಇನ್ನೂ ಒತ್ತಿಕೊಳ್ಳಿ ಅನ್ನುತ್ತಾನೆ, ಎಷ್ಟು ಒತ್ತಿಕೊಂಡರೂ ತುದಿಯಲ್ಲಿರುವ ಪಿನ್ಯೋನ್ ಫ್ರೇಮಿಗೆ ಬರುತ್ತಿಲ್ಲ. ಕೊನೆಗೆ ತಾನೇ ಪಕ್ಕಕ್ಕೆ ಸರಿದುಬಿಡುತ್ತಾನೆ. ‘ಅಯ್ಯೋ, ನೀವೂ ಬನ್ನಿ’ ಎನ್ನುವವರು ಒಬ್ಬರೂ ಇಲ್ಲ. ಒತೊಯ್ ಮುಖದಲ್ಲಿ ಬೇಸರವೂ ಅಷ್ಟಾಗಿ ಕಾಣುವುದಿಲ್ಲ, ಅಭ್ಯಾಸವಾಗಿ ಹೋಗಿದೆ. ಒಬ್ಬ ಮನುಷ್ಯನ ಇಡೀ ಜಾತಕವನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ದಾರೆ. ಆಮೇಲೆ ಆಫೀಸಿನ ಟಾಯ್ಲೆಟ್ಟಿನಲ್ಲಿ ತನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂಬ ಮಾತು ಅವನ ಕಿವಿಗೆ ಬೀಳುತ್ತದೆ.

ಆ ರಾತ್ರಿ ಬಾಲ್ಕನಿಯಿಂದ ಹಾರಲು ನಿಂತವನನ್ನು ಮಾತಿಗೆಳೆದು ತಡೆಯೋದು ಪಕ್ಕದ ಮನೆಗೆ ಹೊಸದಾಗಿ ಬಂದ ಬೆಲೋನ್ ಎಂಬ ಹಿರಿಯ. ಉಪಾಯವೂ ಅವನದೇ. ಗೇ ಬಾರ್‌ನಲ್ಲಿ ತೆಗೆದ ಫೋಟೋಗಳಿಗೆ ಪಿನ್ಯೋನ್‌ನ ಮುಖ ಅಂಟಿಸಿ, ಹೆಸರು ಹಾಕದೆ ಕಂಪನಿಗೆ ಕಳಿಸುವುದು. ಕಾಂಡೋಮ್ ಮಾರುವ ಕಂಪನಿ ಸಲಿಂಗಿ ನೌಕರನನ್ನು ಹೊರಗೆ ಹಾಕಿತು ಎಂದಾದರೆ ಗಿರಾಕಿಗಳಲ್ಲೇ ಗಲಾಟೆ ಏಳುತ್ತದೆ ಎಂದು ಕಂಪನಿಯ ಡೈರೆಕ್ಟರ್ ಹೆದರುತ್ತಾನೆ. ಕೆಲಸ ಉಳಿಯುತ್ತದೆ. ಗಮನಿಸಿ, ಅವನನ್ನು ಉಳಿಸಿದ್ದು ಯಾರ ಒಳ್ಳೆಯತನವೂ ಅಲ್ಲ, ವ್ಯಾಪಾರದ ಭಯ.

ನಾನು ಮೇಲೆ ಹೇಳಿದ ಕಟ್ಟಪ್ಪಣೆ ಬರುವುದು ಇಲ್ಲೇ. ‘ನಾನೀಗ ಹೇಗೆ ನಡೆದುಕೊಳ್ಳಬೇಕು? ನನಗೆ ಆ ಥರ ನಟಿಸೋಕೆ ಬರಲ್ಲ’ ಎಂದು ಪಿನ್ಯೋನ್ ಗಾಬರಿಯಾಗುತ್ತಾನೆ. ಏನೂ ಮಾಡಬೇಡ, ಇದ್ದ ಹಾಗೇ ಇರು, ಬದಲಾಗೋದು ನಿನ್ನನ್ನು ನೋಡುವವರ ಕಣ್ಣು ಎಂಬುದು ಬೆಲೋನ್‌ನ ಸಲಹೆಯ ಸಾರ. ಹಾಗೇ ಆಗುತ್ತದೆ. ಅದೇ ಕೋಟು, ಅದೇ ಸಂಕೋಚ, ಅದೇ ತಗ್ಗಿದ ದನಿ. ನಿನ್ನೆಯವರೆಗೆ ಸಪ್ಪೆ ಎನಿಸಿಕೊಂಡಿದ್ದ ಮನುಷ್ಯನ ಸುತ್ತ ಇವತ್ತು ಗುಸುಗುಸು. ಅವನ ಮೌನಕ್ಕೂ ಒಂದೊಂದು ಅರ್ಥ ಹುಟ್ಟಿಕೊಳ್ಳುತ್ತದೆ. ನಾವು ನಗೋದು ಆ ಅರ್ಥ ಹುಡುಕುವವರನ್ನು ನೋಡಿ. ತಪ್ಪು ಗುರುತಿನ ಕಾಮಿಡಿಯಲ್ಲಿ ಸಾಮಾನ್ಯವಾಗಿ ವೇಷ ಹಾಕಿದವನು ಎಲ್ಲಿ ಸಿಕ್ಕಿಬೀಳುತ್ತಾನೋ ಎಂಬುದೇ ತಮಾಷೆ. ಇಲ್ಲಿ ವೇಷವೇ ಇಲ್ಲ.

ನಿರ್ದೇಶಕ ಫ್ರಾನ್ಸಿಸ್ ವೆಬೆರ್ ಈ ಜಾಗಕ್ಕೆ ಬಂದ ದಾರಿ ನೋಡಿದರೆ ಇದರ ಬೆಲೆ ಇನ್ನೂ ಗೊತ್ತಾಗುತ್ತದೆ. 1978ರ ‘ಲ ಕಾಜ್ ಓ ಫೋಲ್’ ಚಿತ್ರಕಥೆ ಬರೆದವರಲ್ಲಿ ಅವರೂ ಒಬ್ಬರು. ಅದರಲ್ಲಿ ಎಲ್ಲ ಉಲ್ಟಾ: ಮಗನ ಮದುವೆ ಸಂಬಂಧ ಕೆಡಬಾರದೆಂದು ಸಲಿಂಗಿ ಜೋಡಿ ತಾವು ಹಾಗಲ್ಲ ಎಂದು ನಟಿಸಬೇಕು. ಗಂಡಸಿನ ಹಾಗೆ ನಡೆಯೋದನ್ನು ಕಲಿಸೋಕೆ ಹಾಲಿವುಡ್‌ನ ಕೌಬಾಯ್ ಪಾತ್ರಗಳ ನಟ ಜಾನ್ ವೇಯ್ನ್‌ನ ನಡಿಗೆಯನ್ನೇ ಪಾಠ ಮಾಡುವ ದೃಶ್ಯವಿದೆ. ನಗು ಬರುತ್ತದೆ, ಸುಳ್ಳು ಹೇಳಲ್ಲ, ಆದರೆ ಅಲ್ಲಿ ನಗಿಸುವುದು ಅವರ ಹಾವಭಾವವೇ. ಇಪ್ಪತ್ತಮೂರು ವರ್ಷದ ನಂತರ ಅದೇ ಲೇಖಕ ಆ ಸುಲಭದ ನಗುವನ್ನು ಕೈಬಿಟ್ಟು ಕ್ಯಾಮೆರಾವನ್ನು ಆಫೀಸಿನ ಉಳಿದವರ ಕಡೆ ತಿರುಗಿಸಿದ್ದಾರೆ.

ಆ ಉಳಿದವರಲ್ಲಿ ಮರೆಯಲಾಗದವನು ಸಾಂತಿನಿ, ಅಂದರೆ ಜೆರಾರ್ ದೆಪಾರ್ದ್ಯು. ಕಾರ್ಖಾನೆಯ ರಗ್ಬಿ ತಂಡದ ದೊಡ್ಡಣ್ಣ, ಸಲಿಂಗಿಗಳ ಮೇಲೆ ಬಾಯಿಗೆ ಬಂದ ಜೋಕು ಹೊಡೆಯುವವನು. ಕಾಲೆಳೆಯಲೆಂದು ಒಬ್ಬ ಸಹೋದ್ಯೋಗಿ, ‘ಪಿನ್ಯೋನ್ ಜೊತೆ ಚೆನ್ನಾಗಿರದಿದ್ದರೆ ಈಗಿನ ಕಾಲದಲ್ಲಿ ನಿನ್ನ ಕೆಲಸವೇ ಹೋಗುತ್ತೆ’ ಎಂದು ಹೆದರಿಸುತ್ತಾನೆ. ಸಾಂತಿನಿ ನಂಬಿಬಿಡುತ್ತಾನೆ. ಪಿನ್ಯೋನ್‌ನನ್ನು ಊಟಕ್ಕೆ ಕರೆದೊಯ್ಯುತ್ತಾನೆ, ಗುಲಾಬಿ ಬಣ್ಣದ ದುಬಾರಿ ಸ್ವೆಟರ್ ಉಡುಗೊರೆ ಕೊಡುತ್ತಾನೆ. ಇವನಿಗೆ ಬೇರೆ ಸಂಬಂಧವಿದೆ ಎಂದು ಮನೆಯಲ್ಲಿ ಹೆಂಡತಿಗೆ ಅನುಮಾನ ಹತ್ತುತ್ತದೆ. ಭಯಕ್ಕೆ ಶುರುವಾದ ಸ್ನೇಹದ ನಾಟಕ ನಾಟಕವೋ ನಿಜವೋ ಎಂದು ಅವನಿಗೇ ಗೊತ್ತಾಗದ ಮಟ್ಟಕ್ಕೆ ಹೋಗಿ, ಕೊನೆಗೆ ಮಾನಸಿಕ ಆಸ್ಪತ್ರೆ ಸೇರುತ್ತಾನೆ. ಆ ದೈತ್ಯ ದೇಹ ಒಂದು ಸ್ವೆಟರ್ ಹಿಡಿದು ತಡವರಿಸುವುದನ್ನು ನೋಡಿಯೇ ತೀರಬೇಕು. 2025ರಲ್ಲಿ ಪ್ಯಾರಿಸ್ ನ್ಯಾಯಾಲಯ ಶೂಟಿಂಗ್ ಸೆಟ್ಟಿನಲ್ಲಿ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ದೆಪಾರ್ದ್ಯುವನ್ನು ದೋಷಿ ಎಂದ ಮೇಲೆ (ಅವರು ಮೇಲ್ಮನವಿಗೆ ಹೋದರು) ಆಫೀಸಿನ ನಡತೆಯ ಬಗೆಗಿನ ಈ ಸಿನಿಮಾದಲ್ಲಿ ಆ ಮುಖ ನೋಡುವಾಗ ನನಗಂತೂ ಸ್ವಲ್ಪ ಕಸಿವಿಸಿ. ನಟನೆ ಅದ್ಭುತ ಅನ್ನೋದರಲ್ಲಿ ಎರಡು ಮಾತಿಲ್ಲ.

ಕಾಲವನ್ನೂ ಸ್ವಲ್ಪ ತಲೆಯಲ್ಲಿಟ್ಟುಕೊಳ್ಳಿ. ಚಿತ್ರ ಫ್ರಾನ್ಸ್‌ನಲ್ಲಿ ತೆರೆಗೆ ಬಂದದ್ದು 2001ರ ಜನವರಿಯಲ್ಲಿ. ಮದುವೆಯಾಗದ ಜೋಡಿಗಳಿಗೆ, ಸಲಿಂಗಿಗಳಿಗೂ ಸೇರಿದಂತೆ, ಕಾನೂನಿನ ಮಾನ್ಯತೆ ಕೊಟ್ಟ ‘ಪಾಕ್ಸ್’ ಒಪ್ಪಂದ 1999ರಲ್ಲಷ್ಟೇ ಬಂದಿತ್ತು, ಅದಕ್ಕೆ ಅಲ್ಲಿ ದೊಡ್ಡ ವಿರೋಧವೂ ಆಗಿತ್ತು. ಲೈಂಗಿಕ ಒಲವಿನ ಕಾರಣಕ್ಕೆ ನೌಕರರಿಗೆ ತಾರತಮ್ಯ ಮಾಡಬಾರದು ಎಂದು ಕಾರ್ಮಿಕ ಕಾನೂನಿನಲ್ಲಿ ಆ ಪದವನ್ನೇ ಬಳಸಿ ಬರೆದದ್ದು 2001ರ ನವೆಂಬರ್‌ನಲ್ಲಿ, ಸಿನಿಮಾ ಬಂದ ಮೇಲೆ. ಹಾಗಾಗಿ ಕಂಪನಿಯ ಆ ಡೈರೆಕ್ಟರ್‌ನ ಎಡಬಿಡಂಗಿತನ ಕಟ್ಟುಕಥೆ ಅನಿಸುವುದಿಲ್ಲ. ಹಳೆಯ ತಾತ್ಸಾರ ಹೋಗಿಲ್ಲ, ಬಾಯಿಬಿಟ್ಟು ಹೇಳೋಕೆ ಧೈರ್ಯವೂ ಇಲ್ಲ. ಬೆಲೋನ್‌ನ ಹಿಂದಿನ ಕಥೆ ಕೇಳಿದಾಗಲಂತೂ ನಗು ಗಂಟಲಲ್ಲೇ ನಿಲ್ಲುತ್ತದೆ: ಅವನೇ ಸಲಿಂಗಿ, ಆ ಕಾರಣಕ್ಕೇ ಹಿಂದೊಮ್ಮೆ ಕೆಲಸ ಕಳೆದುಕೊಂಡವನು. ತನ್ನನ್ನು ಹೊರಗೆ ಹಾಕಿದ ಕಾರಣದಿಂದಲೇ ಪಕ್ಕದ ಮನೆಯವನ ಕೆಲಸ ಉಳಿಸುತ್ತಾನೆ. ಬೆಲೋನ್ ಪಾತ್ರ ಮಾಡಿರುವ ಮಿಶೆಲ್ ಓಮೋಂ ಈ ಮಾತನ್ನು ಸ್ವಲ್ಪವೂ ಗೋಳಾಡದೆ ಹೇಳುತ್ತಾರೆ.

ನನ್ನ ತಕರಾರು ಇರೋದೂ ಬೆಲೋನ್ ವಿಷಯದಲ್ಲೇ. ಚಿತ್ರದಲ್ಲಿ ಮುಖ್ಯವಾದ ನಿಜವಾದ ಸಲಿಂಗಿ ಪಾತ್ರ ಅದೊಂದೇ, ಅವನಿಗೆ ಸಿಗೋದು ಒಂದು ಬೆಕ್ಕಿನ ಮರಿ, ಬಾಲ್ಕನಿ, ಒಂಟಿತನ. ಸುಳ್ಳಿನ ಲಾಭವೆಲ್ಲ ಪಿನ್ಯೋನ್‌ಗೆ: ಸಲಿಂಗಿಗಳ ಪ್ರೈಡ್ ಮೆರವಣಿಗೆಯಲ್ಲಿ ತಲೆಗೆ ಕಾಂಡೋಮ್ ಆಕಾರದ ಟೋಪಿ ಹಾಕಿ ಕೂತ ಅಪ್ಪನನ್ನು ಟಿವಿಯಲ್ಲಿ ನೋಡಿ ಮಗನಿಗೆ ಮೊದಲ ಬಾರಿ ಅಭಿಮಾನ ಹುಟ್ಟುತ್ತದೆ, ಮೇಲಧಿಕಾರಿ ಬೆರ್ತ್ರಾನ್ ಮೇಡಂ ಜೊತೆ ಪ್ರೇಮವೂ ಆಗುತ್ತದೆ. ಆ ಪ್ರೇಮದ ಎಳೆ ನನಗೆ ರುಚಿಸಲಿಲ್ಲ. ‘ಹೆದರಬೇಡಿ, ನಮ್ಮ ಹೀರೋ ಹಾಗಲ್ಲ’ ಎಂದು ಪ್ರೇಕ್ಷಕರಿಗೆ ಸಮಾಧಾನ ಹೇಳಿದ ಹಾಗಿದೆ. ನೋಡಿದ ಮೇಲೆ ನಿಮಗೂ ಹಾಗೇ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಗೇಲಿ ಎಂಬ ಆರೋಪ ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಪಿನ್ಯೋನ್ ಎಂಬ ಹೆಸರು ವೆಬೆರ್ ಬರೆದ ಬೇರೆ ಚಿತ್ರಗಳಲ್ಲೂ ಬರುತ್ತದೆ. ಸಾಮಾನ್ಯವಾಗಿ ನಟ ಬೇರೆ, ಮನುಷ್ಯ ಬೇರೆ, ಪೆದ್ದುತನ ಅಥವಾ ಪಾಪದ ಸ್ವಭಾವ ಮಾತ್ರ ಒಂದೇ. 1998ರ ‘ಲ ದಿನೆ ದ ಕೋನ್’ ಚಿತ್ರದ ಪಿನ್ಯೋನ್ ನಿಮಗೆ ಆಗಲೇ ಪರಿಚಯ ಇರಬಹುದು. ಅದರ ಕಥೆಯೇ ಹಿಂದಿಯಲ್ಲಿ ‘ಭೇಜಾ ಫ್ರೈ’ ಆಗಿ, ಅಲ್ಲಿಂದ ಕನ್ನಡಕ್ಕೆ ‘ಮಿಸ್ಟರ್ ಗರಗಸ’ ಆಗಿ ಬಂತು. ಕೋಮಲ್ ತಲೆ ತಿನ್ನುವುದನ್ನು ನೋಡಿ ನಕ್ಕಿದ್ದರೆ ಆ ಪಾತ್ರದ ಮೂಲಪುರುಷ ಪಿನ್ಯೋನೇ.

ಸಬ್‌ಟೈಟಲ್ ಇರುವ ಪ್ರತಿ ಹುಡುಕಿ, ಡಬ್ಬಿಂಗ್ ಬೇಡ, ಒತೊಯ್ ದನಿ ತಗ್ಗಿಸುವ ರೀತಿ ಹಾಳಾಗುತ್ತದೆ. ಒಂದೂವರೆ ಗಂಟೆಯೂ ಇಲ್ಲ. ಮನೆಮಂದಿ ಎಲ್ಲ ಕೂತು ನೋಡೋದು ಹೇಗೆ ಅಂತ ಕೇಳಿದರೆ, ಕಾರ್ಖಾನೆ ತಯಾರಿಸೋದು ಏನನ್ನು ಎಂಬುದು ನೆನಪಿರಲಿ. ಜಪಾನಿನಿಂದ ಬಂದ ಅತಿಥಿಗಳಿಗೆ ಡೈರೆಕ್ಟರ್ ಕಾರ್ಖಾನೆ ತೋರಿಸುವ ಒಂದು ದೃಶ್ಯವಿದೆ, ಆ ಹೊತ್ತಿಗೆ ಮಕ್ಕಳು ಪಕ್ಕದಲ್ಲಿ ಇಲ್ಲದಿದ್ದರೆ ಒಳ್ಳೆಯದು.