ಉಳಿದ 54 ಫಾರ್ಮು ನಾನೇ ತುಂಬಿಬಿಡಲೇ?

ಪ್ರಶ್ನೆ: ಶಿರಸಿ ಹತ್ತಿರದವಳು. 'ಉತ್ತರ ಕನ್ನಡದ ಅಡಿಕೆ ಬೆಳೆಗಾರರ ಆರ್ಥಿಕ ಸ್ಥಿತಿ' ಎಂಬ ವಿಷಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ, ಮೂರನೇ ವರ್ಷ. 200 ಮನೆಗಳ ಸರ್ವೆ ಆಗಬೇಕಿತ್ತು, ಕೊಯ್ಲಿನ ಸಮಯದಲ್ಲಿ ಓಡಾಡಿ ಶಿರಸಿ, ಸಿದ್ದಾಪುರ ಕಡೆ 146 ಮಾಡಿದೆ. 'ಕಳೆದ ವರ್ಷ ಅಡಿಕೆ ಎಷ್ಟಾಯ್ತು, ಜಮೀನು ಎಷ್ಟು' ಅಂತ ಕೇಳಿದ್ದೆ. ಎಕರೆಗೆ ಒಬ್ಬರದು 6 ಕ್ವಿಂಟಲ್, ಇನ್ನೊಬ್ಬರದು 40! ಗೈಡ್ 'ಇದು ನಡೆಯೋದಿಲ್ಲ' ಅಂದರು. ಉಳಿದ 54 ಫಾರ್ಮು ನೀನೇ ತುಂಬಿಬಿಡು ಅಂತಾಳೆ ಗೆಳತಿ. ಅಪ್ಪ ದಿನಾ 'ಯಾವಾಗ ಮುಗೀತದೆ' ಅಂತಾರೆ. ಬಿಟ್ಟೇಬಿಡಲೇ?

ಉತ್ತರ: ಬಿಡಬೇಡಿ. ಫಾರ್ಮನ್ನೂ ತುಂಬಬೇಡಿ. ಆ 54ರಿಂದ ಸಿಗುವುದೆಷ್ಟು ನೋಡಿ. ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ, 146 ಮನೆಗಳಿಂದ ಬಂದ ಶೇಕಡಾ ಲೆಕ್ಕ ಸುಮಾರು 8 ಅಂಶ ಆಚೀಚೆ ಆಗಬಹುದು. 200 ಆದರೆ 7. ಈ ಒಂದು ಅಂಶಕ್ಕಾಗಿ, ನೀವು ಮನೆ ಮನೆ ತಿರುಗಿ ತಂದ 146 ಫಾರ್ಮುಗಳ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತೀರಿ.

ಲೆಕ್ಕ ಕೆಟ್ಟದ್ದು ಪ್ರಶ್ನೆಯಿಂದ. 'ಅಡಿಕೆ ಎಷ್ಟಾಯ್ತು' ಅಂದರೆ ಹಸಿ ಅಡಿಕೆ ಮಾರುವವರು ಹಸಿಯ ತೂಕ ಹೇಳುತ್ತಾರೆ, ಇನ್ನು ಕೆಲವರು ಚಾಲಿಯದ್ದು (ಹಣ್ಣಡಿಕೆ ಒಣಗಿಸಿ ಸುಲಿದದ್ದು), ಕೆಲವರು ರಾಶಿಯದ್ದು (ಹಸಿಯಾಗಿ ಸುಲಿದು ಬೇಯಿಸಿ ಒಣಗಿಸಿದ್ದು). ಚಾಲಿಯನ್ನು ಅಟ್ಟದ ಮೇಲೆ ಇಟ್ಟುಕೊಂಡವರು ಬೆಳೆದದ್ದರ ಬದಲು ಮಾರಿದ್ದನ್ನು ಹೇಳುತ್ತಾರೆ. 'ಕಳೆದ ವರ್ಷ' ಎಂದರೆ ಒಬ್ಬರಿಗೆ ಹಿಂದಿನ ಕೊಯ್ಲು, ಇನ್ನೊಬ್ಬರಿಗೆ ಏಪ್ರಿಲ್‌ನಿಂದ ಮಾರ್ಚ್. ಜಮೀನಿನದೂ ಅದೇ ಕಥೆ: ಕೆಲವರು ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನೂ ಸೇರಿಸಿ ಹೇಳುತ್ತಾರೆ; ಪಹಣಿ ಅಪ್ಪನ ಹೆಸರಿನಲ್ಲಿರುತ್ತದೆ, ತೋಟ ಮಾಡುವವರು ಮೂವರು ಅಣ್ಣತಮ್ಮಂದಿರು. ರಾತ್ರಿಯೆಲ್ಲ ಅಡಿಕೆ ಸುಲಿದು ಬಳಲಿದವರ ಹತ್ತಿರ ಇದನ್ನೆಲ್ಲ ಬಿಡಿಸಿ ಹೇಳುವ ವ್ಯವಧಾನ ಎಲ್ಲಿರುತ್ತದೆ? ಎಂಟು ಹತ್ತು ಮನೆಗಳಲ್ಲಿ ಮೊದಲೇ ಕೇಳಿ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ.

ಈಗಲೂ ಸರಿಪಡಿಸಬಹುದು. ಆ ಒಂದು ಪ್ರಶ್ನೆಯನ್ನು ನಾಲ್ಕು ಮಾಡಿ: ಹಸಿ ಮಾರಿದ್ದೆಷ್ಟು, ಚಾಲಿ ಎಷ್ಟು, ರಾಶಿ ಎಷ್ಟು, ಮಾರದೆ ಇಟ್ಟದ್ದೆಷ್ಟು. ಯಾವ ಕೊಯ್ಲಿನದು ಅಂತ ಹೆಸರಿಸಿಯೇ ಕೇಳಿ. ತೋಟವನ್ನು ಎಕರೆ-ಗುಂಟೆಯಲ್ಲಿ, ಬೆಟ್ಟವನ್ನು ಬೇರೆಯಾಗಿ ಬರೆದುಕೊಳ್ಳಿ. ಎಂಟು ಮನೆಗಳಲ್ಲಿ ಕೇಳಿ ನೋಡಿ, ಎಲ್ಲಿ ತಡವರಿಸುತ್ತಾರೋ ಅಲ್ಲಿ ಮಾತು ಬದಲಿಸಿ. ಆಮೇಲೆ 146 ಮನೆಗೂ ಫೋನ್ ಮಾಡಿ; ದಿನಕ್ಕೆ ಆರು ಮನೆಯಂತೆ 25 ದಿನದ ಕೆಲಸ. ಸೊಸೈಟಿಯ ಮಾರಾಟದ ಪಟ್ಟಿ ಇದ್ದವರಿಗೆ ಅದನ್ನೇ ನೋಡಿ ಹೇಳಲು ಕೇಳಿ, ದಿನಾಂಕ, ತೂಕ ಎರಡೂ ಅದರಲ್ಲಿರುತ್ತವೆ. ಖುದ್ದು ಹೋಗಲೇಬೇಕಾದಲ್ಲಿ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೊದಲ ಮದ್ದು ಹೊಡೆದಾದ ಮೇಲೆ, ಎರಡನೆಯದಕ್ಕೆ ಮುಂಚೆ ಹೋಗಿ. ಆಷಾಢದಲ್ಲಿ ಮದುವೆ-ಮುಂಜಿಯೂ ಇರುವುದಿಲ್ಲ, ಜನ ಮನೆಯಲ್ಲಿ ಸಿಗುತ್ತಾರೆ.

ಹಳೆಯ ಉತ್ತರ ಅಳಿಸಬೇಡಿ. ಎಕ್ಸೆಲ್‌ನಲ್ಲಿ ಪಕ್ಕದ ಕಾಲಂನಲ್ಲಿ ಹೊಸದನ್ನು ದಿನಾಂಕ ಸಹಿತ ಹಾಕಿ. ಯಾಕೆ ಮತ್ತೆ ಕೇಳಬೇಕಾಯಿತು ಎಂಬುದನ್ನು ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಬಚ್ಚಿಡದೆ ಬರೆಯಿರಿ. ಮೌಖಿಕ ಪರೀಕ್ಷೆಯಲ್ಲಿ ಅದೇ ನಿಮ್ಮ ಕೈ ಹಿಡಿಯುತ್ತದೆ.

ಶೀರ್ಷಿಕೆಯನ್ನೂ ಕಿರಿದು ಮಾಡಲೇಬೇಕು. ಎರಡು ತಾಲೂಕು ನೋಡಿ ಇಡೀ ಜಿಲ್ಲೆಯ ಮಾತಾಡಲಾಗದು. ಹೊನ್ನಾವರ, ಕುಮಟಾದ ಕರಾವಳಿ ತೋಟಗಳ ಲೆಕ್ಕವೇ ಬೇರೆ. 'ಶಿರಸಿ, ಸಿದ್ದಾಪುರದ ಸಣ್ಣ ಬೆಳೆಗಾರರು ಅಡಿಕೆಯನ್ನು ಯಾವಾಗ ಮಾರುತ್ತಾರೆ, ಯಾಕೆ' ಎಂಬುದೇ ಒಂದು ಪ್ರಬಂಧಕ್ಕೆ ಧಾರಾಳ ಸಾಕು. ಒಂದು ಪುಟದಲ್ಲಿ ಬರೆದು ಗೈಡ್‌ಗೆ ತೋರಿಸಿ, ಅವರು ಒಪ್ಪಿದರೆ ಸಲಹಾ ಸಮಿತಿಯ ಮುಂದಿಡಿ.

ಅಪ್ಪನಿಗೆ ಹೇಳಿ: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಸೇರಿ 6 ವರ್ಷ ಇದೆ, ನಿಮ್ಮದು ಅರ್ಧವೂ ಕಳೆದಿಲ್ಲ. ಮೊದಲ ಫೋನನ್ನು 40 ಕ್ವಿಂಟಲ್ ಎಂದವರಿಗೇ ಮಾಡಿ. ಅದು ಹಸಿ ಅಡಿಕೆಯ ತೂಕವೇ ಇರಬೇಕು.