‘ಸ್ಮಗ್’ ಎಂದರೆ ಆತ್ಮತೃಪ್ತನೇ?

ಪ್ರಶ್ನೆ: ಇಂಗ್ಲಿಷಿನ ‘ಸ್ಮಗ್’ ಎಂಬ ಪದಕ್ಕೆ ನಮ್ಮ ಶಾಲೆಯಲ್ಲಿರುವ ನಿಘಂಟು ‘ಆತ್ಮತೃಪ್ತ’ ಎಂದು ಅರ್ಥ ಕೊಡುತ್ತದೆ. ‘ಅದು ಒಳ್ಳೆಯ ಗುಣವಲ್ಲವೇ ಟೀಚರ್?’ ಎಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ‘ಕಂಪ್ಲೇಸೆಂಟ್’ ಎಂಬುದಕ್ಕೂ ಅದೇ ಅರ್ಥ ಕೊಟ್ಟಿದ್ದಾರೆ. ಇವೆರಡಕ್ಕೂ ವ್ಯತ್ಯಾಸವಿಲ್ಲವೇ?
– ಕನ್ನಡ ಮಾಧ್ಯಮದ ಓರ್ವ ಅಧ್ಯಾಪಿಕೆ, ಬದಿಯಡ್ಕ

ಉತ್ತರ: ಹುಡುಗಿಯ ಸಂಶಯ ನ್ಯಾಯವಾದದ್ದೇ. ಭಗವದ್ಗೀತೆಯ ಮೂರನೆಯ ಅಧ್ಯಾಯದ 17ನೆಯ ಶ್ಲೋಕದಲ್ಲಿ ‘ಆತ್ಮತೃಪ್ತಶ್ಚ ಮಾನವಃ’ ಎಂದಿರುವುದು ಜ್ಞಾನಿಯನ್ನು ಕುರಿತ ಹೊಗಳಿಕೆ. ‘ಸ್ಮಗ್’ ಎಂಬುದಾದರೋ ಇಂದಿನ ಇಂಗ್ಲಿಷಿನಲ್ಲಿ ನಿಂದೆಯ ಮಾತು. ಅದನ್ನು ಬಳಸುವವರು ಸಾಮಾನ್ಯವಾಗಿ ಇನ್ನೊಬ್ಬರ ಮೇಲೆಯೇ ಬಳಸುತ್ತಾರೆ.

ನಿಮ್ಮ ಊರಿನ ಅಡಿಕೆ ತೋಟಕ್ಕೇ ಬರೋಣ. ಹೋದ ಮಳೆಗಾಲದಲ್ಲಿ ಕೊಳೆರೋಗ ಬರಲಿಲ್ಲ, ಈ ಸಲವೂ ಬಾರದು ಎಂದುಕೊಂಡು, ಮಳೆ ಹಿಡಿಯುವ ಮೊದಲು ಬೋರ್ಡೋ ಮದ್ದು ಬಿಡಿಸದೆ ಜಗಲಿಯಲ್ಲಿ ನೆಮ್ಮದಿಯಾಗಿ ಕುಳಿತ ಕೃಷಿಕ ಕಂಪ್ಲೇಸೆಂಟ್. ಅವನ ಸಮಾಧಾನದೊಳಗೆ ಬರಲಿರುವ ಅಪಾಯವನ್ನು ಕಾಣದ ಕುರುಡಿದೆ. ಸಕಾಲದಲ್ಲಿ ಮದ್ದು ಬಿಡಿಸಿದ ನೆರೆಯವನು ಆಷಾಢದಲ್ಲಿ ಬೇಲಿಯ ಬಳಿ ಬಂದು, ಈಚೆ ಮರದ ಬುಡದಲ್ಲಿ ಉದುರಿ ಬಿದ್ದ ಎಳೆಯ ಕಾಯಿಗಳನ್ನು ನೋಡಿ, ‘ನಾನು ಆಗಲೇ ಹೇಳಿದ್ದೆನಲ್ಲ’ ಎಂದು ತುಟಿಯಂಚಿನಲ್ಲಿ ನಕ್ಕರೆ ಅವನು ಸ್ಮಗ್. ಇವನ ಎಣಿಕೆ ತಪ್ಪಿಲ್ಲ, ಕೆಲಸವೂ ಸರಿಯಾಗಿಯೇ ಆಗಿದೆ. ಸಹಿಸಲಾಗದ್ದು ಆ ನಗು. ಇಂಗ್ಲಿಷಿನಲ್ಲಿ ಈ ವಿಶೇಷಣ ಹೆಚ್ಚಾಗಿ ನಗುವಿಗೆ, ಮುಖಭಾವಕ್ಕೆ, ದನಿಗೆ ಅಂಟಿಕೊಂಡು ಬರುವುದು ಇದೇ ಕಾರಣಕ್ಕೆ. ಬಾಯಿಬಿಟ್ಟು ಕೊಚ್ಚಿಕೊಳ್ಳುವವನಿಗೆ ಇದು ಅಷ್ಟಾಗಿ ಒಪ್ಪುವುದಿಲ್ಲ. ತಾಳಮದ್ದಳೆಯಲ್ಲಿ ನೀವು ಕೇಳಿರುವ ಉತ್ತರಕುಮಾರನದು ಬರೀ ಬಡಾಯಿ; ಸ್ಮಗ್ ಆಗಲು ಒಂದಿಷ್ಟಾದರೂ ಗೆಲುವು ಕೈಯಲ್ಲಿರಬೇಕು, ಅಥವಾ ಇದೆಯೆಂಬ ಗಟ್ಟಿ ನಂಬಿಕೆಯಾದರೂ ಇರಬೇಕು.

ತರಗತಿಯಲ್ಲಿ ಕಂಪ್ಲೇಸೆಂಟ್ ಎಂಬುದಕ್ಕೆ ‘ಮೈಮರೆತ’ ಎಂದೂ ಸ್ಮಗ್ ಎಂಬುದಕ್ಕೆ ‘ಒಳಗೊಳಗೇ ಬೀಗುವ’ ಎಂದೂ ಹೇಳಿದರೆ ಮಕ್ಕಳಿಗೆ ಬೇಗ ತಿಳಿದೀತು. ‘ಅಹಂಕಾರಿ’ ಎಂಬುದು ಇಲ್ಲಿಗೆ ತೀರ ದೊಡ್ಡ ಮಾತಾಯಿತು.

ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಸ್ಮಗ್ ಎಂದರೆ ಅಚ್ಚುಕಟ್ಟಾದ, ಓರಣವಾಗಿ ಸಿಂಗರಿಸಿಕೊಂಡ ಎಂದಷ್ಟೇ ಅರ್ಥವಿತ್ತು. ಉತ್ತರ ಜರ್ಮನಿಯ ಆಡುನುಡಿಯಿಂದ ಬಂದಿರಬೇಕೆಂಬುದು ವಿದ್ವಾಂಸರ ಊಹೆ. ಆಭರಣಕ್ಕೆ ಜರ್ಮನ್ನರು ಇಂದಿಗೂ ‘ಶ್ಮುಕ್’ ಎನ್ನುತ್ತಾರೆ. ಷೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ದಲ್ಲಿ ಶೈಲಾಕನು ಅಂಟೋನಿಯೋ ಪೇಟೆಗೆ ಸ್ಮಗ್ ಆಗಿ ಬರುತ್ತಿದ್ದನೆಂದು ಹೇಳುವಾಗ ಈ ಹಳೆಯ ಅರ್ಥವನ್ನೇ ಹಿಡಿಯಬೇಕು. ಕನ್ನಡಿಯ ಮುಂದೆ ಸಿಂಗರಿಸಿಕೊಂಡವನು ತನ್ನನ್ನು ತಾನೇ ಮೆಚ್ಚಿಕೊಳ್ಳುವ ಹಂತಕ್ಕೆ ಬಂದದ್ದು ಆಮೇಲೆ.

ಇನ್ನು ಕಂಪ್ಲೇಸೆಂಟ್ ಬರೆಯುವಾಗ ಒಂದು ಎಚ್ಚರ ಬೇಕು. ಹೆಚ್ಚುಕಡಿಮೆ ಅದೇ ಉಚ್ಚಾರಣೆಯ ‘ಕಂಪ್ಲೇಸಂಟ್’ ಎಂಬ ಇನ್ನೊಂದು ಪದ ಫ್ರೆಂಚಿನ ಮೂಲಕ ಬಂದಿದೆ. ಅದರ ಕಾಗುಣಿತದಲ್ಲಿ ‘ಸಿ’ ಇರುವಲ್ಲಿ ‘ಎಸ್’ ಬರುತ್ತದೆ. ಅರ್ಥ, ಇತರರ ಇಷ್ಟಕ್ಕೆ ತಕ್ಕಂತೆ ನಡೆದುಕೊಳ್ಳುವ ಎಂದು.